ಹೊಯಿ ಆನ್‌ನ ಹಿಡಿಸೂಡಿ

ಡೊಂಬಿವಲಿ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ವಿಯೆಟ್ನಾಮಿಗೆ ಹೋಗಿ ಬಂದವರು ಈಗ ಶಿರಡಿಗೆ ಹೋಗಿ ಬಂದವರಷ್ಟೇ ಇರಬಹುದು. ಎಲ್ಲರೂ ತರುವುದು ಒಂದೇ ಫೋಟೋ. ನದಿ, ನದಿಯಲ್ಲಿ ದೋಣಿ, ದೋಣಿಯ ತುಂಬ ಬಣ್ಣದ ಗೂಡುದೀಪ, ಅದರ ಕೆಳಗೆ ಹಲ್ಲು ಬಿಟ್ಟುಕೊಂಡು ತಾವು. ನಾನೂ ನನ್ನ ಮಗಳು ಸ್ನೇಹಾಳೂ ಅದೇ ಊರಿಗೆ, ಹೊಯಿ ಆನ್‌ಗೆ, ಹೋಗಿ ಒಂದು ವಾರ ಇದ್ದು ಬಂದೆವು. ಅಂಥ ಫೋಟೋ ನಮ್ಮ ಹತ್ತಿರ ಒಂದೂ ಇಲ್ಲ. ಇರುವ ಒಂದೇ ಒಂದು ಚಿತ್ರದಲ್ಲಿ ನಾನು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಕೈಯಲ್ಲಿ ಹಿಡಿಸೂಡಿ ಹಿಡಿದು, ಕೆಸರು ನೀರಿನಲ್ಲಿ ನಿಂತಿದ್ದೇನೆ. ಕಸ ಗುಡಿಸಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನೋಡಿದವರು ಕೇಳುತ್ತಾರೆ. ಹೋಗಬೇಕಿತ್ತು. ಯಾಕೆಂದು ಹೇಳುತ್ತೇನೆ.

ನಾನು ಉಡುಪಿ ಕಡೆಯವನು. ಮನೆ ಡೊಂಬಿವಲಿಯಲ್ಲಿ, ಹೋಟೆಲು ಕಲ್ಯಾಣದಲ್ಲಿ. ಸ್ಟೇಷನ್ನಿನಿಂದ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಇಳಿಯುವ ಗಲ್ಲಿಯೊಂದರಲ್ಲಿ ಮೂವತ್ತು ವರ್ಷದಿಂದ ಇಡ್ಲಿ, ದೋಸೆ, ರೈಸ್ ಪ್ಲೇಟ್ ನಡೆಸಿಕೊಂಡು ಬಂದಿದ್ದೇನೆ. ನಾನು ಶೆಟ್ಟಿಯಲ್ಲ. ಆದರೆ ಕಲ್ಯಾಣದಲ್ಲಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರೆಲ್ಲ ಶೆಟ್ಟಿಯೇ, ಇಲ್ಲವಾದರೆ ಅಣ್ಣಾ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಇಳಿಜಾರಿನ ಗಲ್ಲಿಯೆಂದ ಮೇಲೆ ಮಳೆಗಾಲದಲ್ಲಿ ನೀರು ಬರುವುದು ಹೊಸತಲ್ಲ. ಮೊದಲೆಲ್ಲ ಹೊಸ್ತಿಲು ಮುಟ್ಟಿ ಹೋಗುತ್ತಿತ್ತು. ಆಮೇಲೆ ಒಳಗೆ ಬಂತು. ಆಮೇಲೆ ಮೇಜಿನ ಮಟ್ಟಕ್ಕೆ ಬಂತು. ನಾನು ನೀರಿನೊಡನೆ ಹಟಕ್ಕೆ ಬಿದ್ದೆ. ಶಟರಿನ ಬುಡಕ್ಕೆ ಕಬ್ಬಿಣದ ತಗಡು ಬೆಸೆಸಿ, ರಬ್ಬರು ಬಡಿಸಿ, ಹಿಂಬಾಗಿಲಿಗೆ ಮರಳಿನ ಚೀಲ ಒಟ್ಟಿದೆ. ಈ ಸಲ ಹೇಗೆ ಬರುತ್ತದೋ ನೋಡೇ ಬಿಡುವ ಎಂದು ಎದೆಯುಬ್ಬಿಸಿಕೊಂಡಿದ್ದೆ.

ಹೋದ ವರ್ಷದ ಜುಲೈಯಲ್ಲಿ ಬಂತು. ನಾನು ವಾಶಿಯ ಮಾರ್ಕೆಟ್ಟಿಗೆ ಬೇಳೆ ತರಲು ಹೋಗಿದ್ದವನು ರೈಲು ನಿಂತು ಠಾಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಹೋಟೆಲಿನಲ್ಲಿ ಸ್ನೇಹಾ ಮತ್ತು ಇಬ್ಬರು ಅಡುಗೆಯವರು. ಮುಂದೆಯೂ ಮುಚ್ಚಿದೆ, ಹಿಂದೆಯೂ ಮುಚ್ಚಿದೆ. ನೀರು ಬಚ್ಚಲಿನ ತೂಬಿನಿಂದ ಮೇಲಕ್ಕೆ ಬಂತು. ಅವರು ಶಟರು ಎತ್ತಲು ಹೋದರೆ ಹೊರಗಿನ ನೀರಿನ ಒತ್ತಡಕ್ಕೆ ಅದು ಕಚ್ಚಿಕೊಂಡು ಅಲ್ಲಾಡಲಿಲ್ಲ. ಮಾಳಿಗೆಯ ಮೆಟ್ಟಿಲು ಹೊರಗಿನಿಂದ ಇದ್ದುದರಿಂದ, ಸೊಂಟದ ಮಟ್ಟದ ನೀರಿನಲ್ಲಿ ಮೂವರೂ ಎರಡು ಗಂಟೆ ನಿಂತಿದ್ದರು. ಕೊನೆಗೆ ಪಕ್ಕದ ಬಟ್ಟೆ ಅಂಗಡಿಯ ಜಯಂತಿಭಾಯಿ ಹಾರೆ ತಂದು, ಜನ ಸೇರಿಸಿ, ಶಟರು ಮುರಿದು ಹೊರಗೆ ತೆಗೆದರು. ನಾನು ಬೆಸೆಸಿದ ತಗಡೇ ನನ್ನ ಮಗಳನ್ನು ಒಳಗೆ ಕೂಡಿಹಾಕಿತ್ತು.

ಸ್ನೇಹಾ ನೆರೂಳದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ಹತ್ತು ವರ್ಷದವಳಿದ್ದಾಗಿನಿಂದ ಗಲ್ಲಾದಲ್ಲಿ ಕೂರುವುದು ಯಾವಾಗ ಎಂದು ಕೇಳುತ್ತಿದ್ದವಳು. ಆ ದಿನದ ನಂತರ ಮೋಡ ಕಂಡರೆ ಮನೆಯಿಂದ ಇಳಿಯುತ್ತಿರಲಿಲ್ಲ. ಹಗಲಿಡೀ ಫೋನಿನಲ್ಲಿ ಮೋಡದ ನಕ್ಷೆ, ಭರತದ ವೇಳೆ, ಬಿಸಿಯಾಗುತ್ತಿರುವ ಸಮುದ್ರದ ಸುದ್ದಿ. ಒಂದು ದಿನ ಹೋಟೆಲು ಮಾರುವ ಮಾತೆತ್ತಿದಳು, “ಪಪ್ಪಾ, ಬೇಚ್ ದೋ. ಹರ್ ಸಾಲ್ ಪಾನೀ ಬಢೇಗಾ. ನಾವು ಎಷ್ಟು ಸಲ ತೊಳೆಯೋದು?” ಅವಳು ಓದಿದ್ದೆಲ್ಲ ನಿಜವೇ. ನನಗೂ ಅಷ್ಟೇ ಹೆದರಿಕೆಯಿತ್ತು. ಜಯಂತಿಭಾಯಿ ತಮ್ಮ ಅಂಗಡಿ ದೊಡ್ಡದು ಮಾಡಲು ನಮ್ಮ ಜಾಗ ಕೇಳುತ್ತಿದ್ದರು. ದೀಪಾವಳಿ ಕಳೆದು ಹೇಳುತ್ತೇನೆ ಎಂದಿದ್ದೆ. ಮೂವತ್ತು ವರ್ಷದ ಹೋಟೆಲು ಇರಬೇಕೋ ಹೋಗಬೇಕೋ ಎನ್ನುವುದು ಆ ಒಂದು ಉತ್ತರದ ಮೇಲೆ ನಿಂತಿತ್ತು.

ಮನೆಯಲ್ಲಿ ಹೆದರದೆ ಇದ್ದವಳು ನನ್ನ ಹೆಂಡತಿ ವಸಂತಿ ಒಬ್ಬಳೇ. ಅವಳೇ ಹೇಳಿದಳು, “ನೀವಿಬ್ರೂ ಎಲ್ಲಿಗಾದ್ರೂ ಹೋಗಿ ಬನ್ನಿ ಮಾರಾಯ್ರೆ. ಅಪ್ಪ ಒಂದು ಮೂಲೆ, ಮಗಳು ಒಂದು ಮೂಲೆ. ಈ ಎರಡು ಮೋರೆ ನೋಡಿ ನೋಡಿ ನಂಗೆ ಸಾಕಾಯ್ತು. ಗಲ್ಲಾ ನಾನು ನೋಡಿಕೊಳ್ತೇನೆ.”

ದೀಪಾವಳಿಯ ಹೊತ್ತಿಗೆ ಹೋಗುವುದೆಂದಾಯಿತು. ಯಾಕೆಂದರೆ ಅಷ್ಟರಲ್ಲಿ ಮಳೆ ಮುಗಿದಿರುತ್ತದೆ. ನವರಾತ್ರಿ ಕಳೆದ ಮೇಲೆ ಮಳೆ ಇಲ್ಲವೆಂಬುದು ನಮ್ಮ ಕರಾವಳಿಯವರಿಗೆ, ಕೊಂಕಣದವರಿಗೆ, ಜಗತ್ತಿನ ನಿಯಮ. ಕಲ್ಯಾಣದ ಆಕಾಶವನ್ನು ದಿನಕ್ಕೆ ನಲವತ್ತು ಸಲ ನೋಡುತ್ತಿದ್ದ ನನ್ನ ಮಗಳಿಗೂ ವಿಯೆಟ್ನಾಮಿನ ಆಕಾಶವನ್ನು ಒಮ್ಮೆ ನೋಡಬೇಕೆಂದು ಹೊಳೆಯಲಿಲ್ಲ.

ದನಾಂಗ್ ವಿಮಾನ ನಿಲ್ದಾಣ

ವಿಮಾನ ಇಳಿಯುವಾಗ ಕಿಟಕಿಯಲ್ಲಿ ಏನೂ ಕಾಣಲಿಲ್ಲ. ಮೋಡವೆಂದುಕೊಂಡೆ. ಮೋಡವಲ್ಲ, ಮಳೆ. ಆಷಾಢದ ಮಳೆಯಂತೆ ದಬದಬನೆ ಸುರಿಯುತ್ತಿತ್ತು.

ಕರೆದೊಯ್ಯಲು ಬಂದ ಡ್ರೈವರಿಗೆ ಸ್ನೇಹಾ ಫೋನಿನಲ್ಲಿ ಬರೆದು ತೋರಿಸಿದಳು, ಈ ಮಳೆ ಇವತ್ತೊಂದು ದಿನದ್ದೇ ಎಂದು. ಅವನು ಓದಿ, ನಮ್ಮಿಬ್ಬರನ್ನೂ ನೋಡಿ, ಬಹಳ ಮರ್ಯಾದೆಯಿಂದ ನಕ್ಕು, ಉತ್ತರ ಬರೆದುಕೊಟ್ಟ. ಇಲ್ಲಿ ಮಳೆಗಾಲ ಈಗಷ್ಟೇ ಶುರುವಾಗಿದೆ, ಇನ್ನೆರಡು ತಿಂಗಳು ಹೀಗೇ ಎಂದು ಅದರಲ್ಲಿತ್ತು. ಸ್ನೇಹಾ ಫೋನನ್ನು ಕಾಲಿನ ಮೇಲೆ ಬೋರಲು ಹಾಕಿ ಕುಳಿತಳು. ಮಳೆಗೆ ಹೆದರಿ ಮನೆ ಬಿಟ್ಟವರು ಟಿಕೆಟ್ ತೆಗೆಸಿ ಮಳೆಯನ್ನು ಹುಡುಕಿಕೊಂಡು ಬಂದ ಹಾಗಾಗಿತ್ತು. ತಪ್ಪು ನನ್ನದೂ ಇದ್ದುದರಿಂದ ಬೈಯಲಿಕ್ಕೂ ಬಾಯಿರಲಿಲ್ಲ.

ಹೊಯಿ ಆನ್, ಮೊದಲ ದಿನ

ನಾವು ಉಳಿದದ್ದು ನದಿಯಿಂದ ಎರಡು ಗಲ್ಲಿ ಮೇಲಿನ ಹಳೆಯ ಮರದ ಮನೆಯಲ್ಲಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಯಜಮಾನಿಯ ಹೆಸರು ಲಾನ್, ವಯಸ್ಸು ಎಪ್ಪತ್ತು ದಾಟಿದೆ. ಅಜ್ಜಿಗೆ ಅವರ ಭಾಷೆಯಲ್ಲಿ ‘ಬಾ’ ಎನ್ನುತ್ತಾರಾದ್ದರಿಂದ ಊರಿಗೆಲ್ಲ ಬಾ ಲಾನ್. ಅವರ ಸೊಸೆ ಮಾಯ್ ಶಾಲೆಯ ಟೀಚರು, ಇಂಗ್ಲಿಷ್ ಬಲ್ಲವಳು. ಮುಂದೆ ಬಾ ಲಾನ್ ಆಡುವ ಮಾತೆಲ್ಲ ಮಾಯ್ ಬಾಯಿಂದ ನಮಗೆ ಬಂದದ್ದು.

ಅಜ್ಜಿಯ ಅಂಗಡಿ ಎಂದರೆ ಪಾಯಸದ ಅಂಗಡಿ. ಹೆಸರುಕಾಳು, ಅಲಸಂದೆ, ತೆಂಗಿನ ಹಾಲು. ನೋಡಿದ ಕೂಡಲೇ ನನಗೆ ಊರಿನ ಊಟದ ಪಂಕ್ತಿ ನೆನಪಾಯಿತು. ಆದರೆ ಅವರು ಹೆಸರಾದದ್ದು ಕರಿ ಎಳ್ಳನ್ನು ಅರೆದು ಮಾಡುವ, ಡಾಂಬರಿನಂತೆ ಕಪ್ಪಗಿರುವ ಒಂದು ಪಾಯಸಕ್ಕೆ. ಮೊದಲ ಬಟ್ಟಲು ನನ್ನ ಕೈಗೆ ಬಂದಾಗ ತಡೆದೆ. ಕರಿ ಎಳ್ಳು ನಮಗೆ ತಿಥಿಯ ಸಾಮಾನು. ಯಾರಿಗೂ ಏನೂ ಆಗದೆ ಸುಮ್ಮನೆ ತಿನ್ನುವುದು ಹೇಗೆ? ಸ್ನೇಹಾ “ಪಪ್ಪಾ, ನಖರೇ ಮತ್ ಕರೋ” ಎಂದು ತನ್ನದನ್ನು ಮುಗಿಸಿ ನನ್ನದಕ್ಕೂ ಚಮಚ ಹಾಕಿದಳು. ಆಗ ತಿಂದೆ. ಮೂವತ್ತು ವರ್ಷ ಹೋಟೆಲು ನಡೆಸಿದವನ ಮಾತು ನಂಬಬಹುದಾದರೆ ನಂಬಿ, ಅಂಥ ಹದ ನನಗೆ ಇದುವರೆಗೆ ಬಂದಿಲ್ಲ. ಹುಣ್ಣಿಮೆಗೂ ಅಮಾವಾಸ್ಯೆಗೂ ಅಜ್ಜಿ ಮೀನು ಮಾಂಸ ಮುಟ್ಟುವುದಿಲ್ಲವಂತೆ. ನಾವು ಯಾವತ್ತೂ ಮುಟ್ಟುವುದಿಲ್ಲ ಎಂದು ತಿಳಿದಾಗ, ದಿನಾ ಹುಣ್ಣಿಮೆ ಮಾಡುವವರು ಬಂದಿದ್ದಾರೆ ಎಂದು ಪಕ್ಕದ ಮನೆಗೆ ಹೇಳಿ ಕಳಿಸಿದರು.

ಅಂಗಡಿಯ ನಡುವಿನ ಕಂಬದ ಮೇಲೆ ಉಳಿಯಿಂದ ಕೊರೆದ ಅಡ್ಡ ಗೆರೆಗಳಿದ್ದವು. ಮಕ್ಕಳ ಎತ್ತರ ಗುರುತು ಮಾಡಿದ್ದೆಂದುಕೊಂಡೆ. ಕೆಲವು ನನ್ನ ತಲೆಗಿಂತ ಮೇಲಿದ್ದವು. ಮಾಯ್ ಹೇಳಿದಳು, ಅವು ನೆರೆಯ ಗೆರೆಗಳು. ಕೆಳಗಿನವು ಅಜ್ಜಿಯ ಅತ್ತೆಯ ಕಾಲದವು, ಮೇಲಿನವು ಹೆಚ್ಚಿನವು ಅಜ್ಜಿಯ ಕಾಲದವು. ಗಿರಾಕಿಗಳು ಆ ಗೆರೆಗಳ ಕೆಳಗೆ ಕುಳಿತು ಆರಾಮಾಗಿ ಪಾಯಸ ತಿನ್ನುತ್ತಿದ್ದರು. ನಾನು ಕಲ್ಯಾಣದಲ್ಲಿ ಪ್ರತಿ ನೆರೆಯ ನಂತರ ಮೊದಲು ಮಾಡುತ್ತಿದ್ದ ಕೆಲಸ ಗೋಡೆಗೆ ಬಣ್ಣ ಹೊಡೆಸುವುದು. ನೀರಿನ ಗೆರೆ ಕಂಡರೆ ಗಿರಾಕಿ ಬರುವುದಿಲ್ಲವೆಂದು.

ಎರಡನೆಯ ದಿನ

ಬೆಳಿಗ್ಗೆ ಬಾ ಲಾನ್ ನದಿಯ ತನಕ ನಡೆದುಹೋಗಿ ಬಂದು, ಏನೋ ಹೇಳಿ, ಸೆರಗು ಕಟ್ಟುವವರ ಹಾಗೆ ಅಂಗಿಯ ತೋಳು ಮಡಚಿದರು. ಮಾಯ್ ಬಂದು ನಮಗೆ ಹೇಳಿದಳು, ನಾಳೆ ನೀರು ಬರುತ್ತದೆ, ಮೇಲಿನ ಕೋಣೆಯಲ್ಲಿ ನಿಮಗೆ ಏನೂ ತೊಂದರೆಯಿಲ್ಲ, ಬೇಕಾದರೆ ಈಗಲೇ ದನಾಂಗ್‌ಗೆ ಹೋಗಿ ಹೋಟೆಲಿನಲ್ಲಿ ಇರಬಹುದು. ನಾನು ಸ್ನೇಹಾಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಹೋಗೋಣ ಎನ್ನುತ್ತಾಳೆಂದೇ ತಿಳಿದಿದ್ದೆ. ಅವಳು ಅಜ್ಜಿಯನ್ನೇ ನೋಡುತ್ತಿದ್ದಳು. “ದೇಖತೇ ಹೈ ನಾ, ಇವ್ರು ಏನ್ಮಾಡ್ತಾರೆ,” ಎಂದಳು.

ಆ ಮನೆಯ ಅಟ್ಟದ ನಡುವೆ ಒಂದು ಚೌಕದ ತೂತು, ಅದಕ್ಕೊಂದು ಮುಚ್ಚಳ. ಮುಚ್ಚಳ ತೆಗೆದರೆ ಮೇಲಿನ ತೊಲೆಯಲ್ಲಿ ರಾಟೆ, ಹಗ್ಗ. ಬಾವಿಯಿಂದ ಕೊಡ ಸೇದುವ ಹಾಗೆ ಮನೆಯ ಸಾಮಾನನ್ನೆಲ್ಲ ಮೇಲಕ್ಕೆ ಸೇದುತ್ತಾರೆ. ನಾನೂ ಕೈ ಹಾಕಿದೆ. ಹೋಟೆಲಿನವನಲ್ಲವೇ, ಕೈಕಟ್ಟಿ ನಿಂತು ಅಭ್ಯಾಸವಿಲ್ಲ. ಮೊದಲು ಟೀವಿಯನ್ನು, ಆಮೇಲೆ ದುಡ್ಡಿನ ಪೆಟ್ಟಿಗೆಯನ್ನು ಹಗ್ಗಕ್ಕೆ ಕಟ್ಟಿದೆ. ಬಾ ಲಾನ್ ಬಂದು ನನ್ನ ಕೈ ಮೇಲೆ ಒಂದು ಪೆಟ್ಟು ಕೊಟ್ಟು ಎರಡನ್ನೂ ಬಿಚ್ಚಿಸಿದರು.

ಅವರ ಕ್ರಮವೇ ಬೇರೆ. ಮೊದಲು ಒಲೆ. ಆಮೇಲೆ ಅಕ್ಕಿ, ಎಳ್ಳು, ಸಕ್ಕರೆ, ಕುಡಿಯುವ ನೀರು. ಆಮೇಲೆ ಬೀರುವಿನ ಬಾಗಿಲುಗಳನ್ನು ಕಳಚಿ, ಬೀರು. ಟೀವಿ ಎಲ್ಲಕ್ಕಿಂತ ಕೊನೆಗೆ. ಟೀವಿಯ ನಂತರವೂ ಒಂದು ಸಾಮಾನಿತ್ತು: ನಾಲ್ಕು ಹಿಡಿಸೂಡಿ. ತೆಂಗಿನ ಗರಿಯ ಕಡ್ಡಿಯದ್ದು, ನಮ್ಮ ಊರಿನ ಅಂಗಳ ಗುಡಿಸುವಂಥದ್ದೇ. ಅವನ್ನು ಮೇಲೆ ಒಯ್ಯಲಿಲ್ಲ, ರಾಟೆಯ ತೂತಿನ ಬಾಯಿಯಲ್ಲೇ ಕಟ್ಟಿದರು, ಕೈ ಚಾಚಿದರೆ ಸಿಗುವ ಹಾಗೆ. ಕಲ್ಯಾಣದಲ್ಲಿ ನಾನು ಪ್ರತಿ ಸಲ ಟೀವಿ, ಗಲ್ಲಾ, ಕಂಪ್ಯೂಟರ್ ಉಳಿಸಿಕೊಂಡಿದ್ದೆ. ಒಲೆ ಮುಳುಗಿ, ನೀರಿಳಿದ ಮೇಲೆ ನಮಗೇ ಚಾ ಕುಡಿಯಲು ಗತಿಯಿರುತ್ತಿರಲಿಲ್ಲ.

ಸಂಜೆಗೆ ಮುಂಚೆ ಕೆಳಗೆಲ್ಲ ಖಾಲಿ. ಆಗ ಬಾ ಲಾನ್ ಮುಂಬಾಗಿಲ ಹಲಗೆಗಳನ್ನೂ ಹಿಂಬಾಗಿಲನ್ನೂ ಕಳಚಿ ಮೇಲಕ್ಕೆ ಕಳಿಸಿದರು. ಮನೆ ಎರಡೂ ಕಡೆ ಬಾಯಿ ತೆರೆದು ನಿಂತಿತು. ಸ್ನೇಹಾ ನನ್ನ ತೋಳು ಹಿಡಿದಳು. “ಪಪ್ಪಾ, ದರವಾಜಾ ಖೋಲ್ ದಿಯಾ. ಹೇಳಿ ಅವರಿಗೆ, ಹಾಕಿ ಅಂತ.” ನಾನೂ ಗಾಬರಿಯಿಂದ ಮಾಯ್‌ಗೆ ಹೇಳಿದೆ. ಅಜ್ಜಿ ಕೈಯಲ್ಲಿ ಗೋಡೆ ತೋರಿಸಿ ವಿವರಿಸಿದರು. ಬಾಗಿಲು ಹಾಕಿದರೆ ನೀರು ಹೊರಗೆ ಏರುತ್ತದೆ, ಒಳಗೆ ಏರುವುದಿಲ್ಲ, ಆಗ ಗೋಡೆಯನ್ನು ದೂಡುತ್ತದೆ. ಎರಡೂ ಕಡೆ ತೆರೆದಿದ್ದರೆ ಒಳಗೂ ಹೊರಗೂ ಒಂದೇ ಮಟ್ಟ, ಮನೆಗೂ ಪೆಟ್ಟಿಲ್ಲ, ಜನರೂ ಒಳಗೆ ಸಿಕ್ಕಿಬೀಳುವುದಿಲ್ಲ.

ಸ್ನೇಹಾ ಅದನ್ನು ಕೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಶಟರಿನ ತಗಡು ನೆನಪಾಗಿ, ನಾನು ಅವಳ ಕಡೆ ನೋಡಲಾರದೆ ಹಗ್ಗ ಸುತ್ತುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು.

ಅಟ್ಟದ ಮೇಲೆ

ಮೂರನೆಯ ದಿನ ಬೆಳಿಗ್ಗೆ ನೀರು ಬಂತು. ಶಬ್ದವಿಲ್ಲದೆ, ಪರಿಚಿತ ನೆಂಟರ ಹಾಗೆ ಹಿಂಬಾಗಿಲಿನಿಂದ ಬಂದು ಮುಂಬಾಗಿಲಿನ ಕಡೆ ನಡೆಯಿತು. ಕರೆಂಟು ಹೋಯಿತು, ಮಧ್ಯಾಹ್ನಕ್ಕೆ ಸ್ನೇಹಾಳ ಫೋನು ಸತ್ತಿತು. ಮೋಡದ ನಕ್ಷೆಯಿಲ್ಲದೆ ಅವಳು ಹೇಗಿರುತ್ತಾಳೋ ಎಂದು ನನಗೆ ಆತಂಕ. ಮೆಟ್ಟಿಲ ತುದಿಯಲ್ಲಿ ಮೊಣಕಾಲು ಕಟ್ಟಿಕೊಂಡು ಕೆಳಗಿನ ಕಂದು ನೀರನ್ನೇ ನೋಡುತ್ತಿದ್ದಳು. ಉಸಿರು ಜೋರಾಗಿ ಬಿಡುವುದು ನನಗೆ ಕೇಳುತ್ತಿತ್ತು.

ಬಾ ಲಾನ್ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಂದು ಸೀಮೆಸುಣ್ಣ ಕೊಟ್ಟು ಕೆಲಸ ಹೇಳಿದರು. ಹನ್ನೆರಡು ಮೆಟ್ಟಿಲುಗಳಲ್ಲಿ ಎಷ್ಟು ಕಾಣುತ್ತವೆಂದು ನೋಡಿ, ಗೋಡೆಯ ಮೇಲೆ ಬರೆದು, ಗಟ್ಟಿಯಾಗಿ ಕೂಗಬೇಕು. ಪಕ್ಕದ ಮನೆಯವರು ಕೇಳಿಸಿಕೊಂಡು ಅವರ ಪಕ್ಕದವರಿಗೆ ಕೂಗುತ್ತಾರೆ. ಹತ್ತು, ಒಂಬತ್ತು, ಎಂಟು ಎಂಬ ಮೂರು ಶಬ್ದಗಳನ್ನು ಅವರ ಭಾಷೆಯಲ್ಲಿ ಮಾಯ್ ಹೇಳಿಕೊಟ್ಟಳು. ಸ್ನೇಹಾ ಮೊದಲ ಸಲ ಕೂಗಿದಾಗ ಧ್ವನಿಯೇ ಹೊರಡಲಿಲ್ಲ. ಎರಡನೆಯ ಸಲ ಆಚೆಯ ಮಾಳಿಗೆಯಿಂದ ಯಾರೋ ಅವಳ ಉಚ್ಚಾರವನ್ನು ತಿದ್ದಿ ವಾಪಸು ಕೂಗಿದರು. ಗಲ್ಲಿಯ ಮಾಳಿಗೆಗಳಲ್ಲೆಲ್ಲ ನಗು. ಅವಳೂ ನಕ್ಕಳು. ಜುಲೈಯ ನಂತರ ಅವಳ ನಗುವನ್ನು ನಾನು ಕೇಳಿದ್ದು ಆವತ್ತೇ.

ಅಟ್ಟದಲ್ಲಿ ಒಲೆ ಉರಿಯುತ್ತಿತ್ತು. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಎಳ್ಳಿನ ಪಾಯಸ ತಿರುವುತ್ತಿದ್ದರು, ಬಟ್ಟಲುಗಳು ಬುಟ್ಟಿಯಲ್ಲಿ ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದವು. ನಾನು ಊರಿನಿಂದ ತಂದಿದ್ದ ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಅದೂ ಬುಟ್ಟಿಯಲ್ಲಿ ಹೋಯಿತು. ಖಾಲಿ ಬುಟ್ಟಿ ವಾಪಸು ಬರುವುದೆಂದು ಅಲ್ಲಿ ಇಲ್ಲ. ನಮ್ಮ ಅವಲಕ್ಕಿಗೆ ಬದಲಾಗಿ ಹುರಿದ ನೆಲಗಡಲೆ, ಬಾಳೆಹಣ್ಣು, ಒಂದು ಮನೆಯಿಂದ ಮೀನು. ಮೀನನ್ನು ನಾನು ಕೈಮುಗಿದು ಮಾಯ್‌ಗೆ ದಾಟಿಸಿದೆ. ನೀರು ಒಳಗೆ ಬಂದಾಗ ಕಲ್ಯಾಣದಲ್ಲಿ ನಾವೆಲ್ಲ ಮಾಡುವುದು ಶಟರು ಎಳೆದು ಒಬ್ಬೊಬ್ಬರೇ ಅಳುವುದು. ಇಲ್ಲಿಯದು ನೋಡಿದರೆ ಯಾರದೋ ಮದುವೆಯ ಹಿಂದಿನ ದಿನದಂತಿತ್ತು.

ಹಾಗೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಸ್ನೇಹಾ ನೇರವಾಗಿಯೇ ಕೇಳಿದಳು, ಸಮುದ್ರ ಏರುತ್ತಿದೆ, ಗೆರೆಗಳು ಮೇಲೆ ಮೇಲೆ ಹೋಗುತ್ತಿವೆ, ನಿಮಗೆ ಹೆದರಿಕೆಯಾಗುವುದಿಲ್ಲವೇ ಎಂದು. ಬಾ ಲಾನ್ ಸೌಟು ನಿಲ್ಲಿಸದೆ ಉತ್ತರ ಕೊಟ್ಟರು.

“ಹೆದರಿಕೆ ಆಗುತ್ತದೆ. ಅದಕ್ಕೇ ಒಂದು ದಿನ ಮೊದಲೇ ಏರಿಸುತ್ತೇನೆ. ನನ್ನ ಗಂಡ ಹೆದರುತ್ತಲೇ ಇರಲಿಲ್ಲ. ನೀರು ಮಂಚ ಮುಟ್ಟುವ ತನಕ ಸಿಗರೇಟು ಸೇದುತ್ತಾ ಕೂತಿರುತ್ತಿದ್ದರು. ಎಷ್ಟು ಮಂಚ ಹೋಯಿತು.”

“ಇನ್ನು ಐವತ್ತು ವರ್ಷಕ್ಕೆ?” ಸ್ನೇಹಾ ಬಿಡಲಿಲ್ಲ.

ಅಜ್ಜಿ ಸೊಸೆಯ ಕಡೆ ಗದ್ದದಿಂದ ಸನ್ನೆ ಮಾಡಿದರು. ಮಾಯ್ ನಾಚಿಕೊಂಡು ತನ್ನ ಮಾತು ತಾನೇ ಹೇಳಿದಳು. ಅವಳು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊಳೆಯ ಬಾಯಿಯಲ್ಲಿ ನೀರುತಾಳೆಯ ಸಸಿ ನೆಡುತ್ತಾಳೆ. ಅಲೆಯ ಹೊಡೆತ ತಡೆಯುವ ಗಿಡ, ಬೆಳೆಯಲು ವರ್ಷಗಳು ಬೇಕು, ನೆಟ್ಟದ್ದರಲ್ಲಿ ಅರ್ಧ ಕೊಚ್ಚಿಹೋಗುತ್ತದೆ. ಉಳಿದರ್ಧದ ಜತೆಗೆ ಮರುವರ್ಷ ಮತ್ತೆ ನೆಡುತ್ತಾಳೆ. “ಈ ಸಲದ ನೀರನ್ನು ಅತ್ತೆ ನೋಡಿಕೊಳ್ಳುತ್ತಾರೆ. ಮುಂದೆ ಬರುವುದು ನನ್ನ ಪಾಲಿಗೆ. ಎಲ್ಲವನ್ನೂ ಒಬ್ಬಳೇ ಹೊರಬೇಕೆಂದಿದ್ದರೆ ನಾನೂ ಓಡಿಹೋಗುತ್ತಿದ್ದೆ,” ಎಂದಳು.

ಸ್ನೇಹಾ ನನ್ನ ಕಡೆ ತಿರುಗಿ ಹೇಳಿದಳು, “ನೆರೂಳದಲ್ಲಿ ನಮ್ಮ ಕಾಲೇಜಿನ ಹಿಂದೆ ಖಾಡಿಯಲ್ಲಿ ಇದ್ಯಲ್ಲ ಪಪ್ಪಾ, ಕಾಂಡ್ಲಾ ಗಿಡ. ಅದೂ ಅಲೆ ತಡೆಯೋ ಗಿಡವೇ. ರೋಜ್ ದೇಖತೀ ಥೀ. ಕೆಸರು ವಾಸನೆ ಅಂತ ಮೂಗು ಮುಚ್ಚಿಕೊಂಡು ಹೋಗ್ತಿದ್ದೆ.” ಆಮೇಲೆ ಎದ್ದುಹೋಗಿ ಮೆಟ್ಟಿಲು ಎಣಿಸಿದಳು. ಏಳು ಕಾಣುತ್ತಿದ್ದವು. ಅದಕ್ಕಿಂತ ಕೆಳಗೆ ಹೋಗಲಿಲ್ಲ.

ಐದನೆಯ ದಿನ

ಬೆಳಗಿನ ಬೆಳಕಿನಲ್ಲಿ ಗಲ್ಲಿಯ ಮೇಲ್ತುದಿಯಿಂದ ಯಾರೋ ಪಾತ್ರೆಯ ಮುಚ್ಚಳ ಬಡಿದರು. ಅದಕ್ಕೆ ಉತ್ತರವಾಗಿ ಮುಂದಿನ ಮನೆಯಲ್ಲಿ, ಆಮೇಲೆ ಅದರ ಮುಂದಿನದರಲ್ಲಿ. ಬಾ ಲಾನ್ ತಮ್ಮ ಮುಚ್ಚಳ ಬಡಿದು, ಕಟ್ಟಿದ್ದ ಹಿಡಿಸೂಡಿಗಳನ್ನು ಬಿಚ್ಚಿ, ಒಂದನ್ನು ನನಗೂ ಒಂದನ್ನು ಸ್ನೇಹಾಳಿಗೂ ಕೊಟ್ಟು ದಡದಡನೆ ಇಳಿದರು. ನೀರು ಇನ್ನೂ ಮೊಣಕಾಲು ಮಟ್ಟ ಇತ್ತು. ಇದೇನು ಅವಸರ, ನೀರು ಪೂರ್ತಿ ಇಳಿಯಲಿ, ಚಾ ಕುಡಿದು ಶುರು ಮಾಡುವ ಎಂದು ನಾನು ಮಾಯ್‌ಗೆ ಹೇಳಿದೆ. ಅವಳು ನನ್ನನ್ನು ಬೆನ್ನಿಗೆ ಕೈಹಾಕಿ ಇಳಿಸಿಯೇ ಬಿಟ್ಟಳು.

ಕೆಲಸ ಹೀಗೆ. ನೆಲದಲ್ಲಿ ಗೇಣುದ್ದ ಕೆಸರು ಕೂತಿರುತ್ತದೆ. ಇಳಿಯುವ ನೀರಿನಲ್ಲೇ ಅದನ್ನು ಕದಡಿ, ಕದಡಿದ್ದು ಕೂರುವ ಮೊದಲು ಹಿಡಿಸೂಡಿಯಿಂದ ಹೊರಗೆ ದೂಡಬೇಕು. ನೀರು ಹೇಗೂ ನದಿಗೆ ಹೊರಟಿದೆ, ತಾನು ತಂದ ಕೆಸರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಮೇಲ್ತುದಿಯ ಮನೆಯಿಂದ ಕೆಳತುದಿಯ ಮನೆಯವರೆಗೆ ಎಲ್ಲರೂ ಒಟ್ಟಿಗೆ ಗುಡಿಸಬೇಕು. ಒಬ್ಬ ನಿಂತರೆ ಮೇಲಿನವರ ಕೆಸರೆಲ್ಲ ಅವನ ಮನೆಯಲ್ಲಿ ಕೂರುತ್ತದೆ. ನಾನು ಬೆನ್ನು ನೆಟ್ಟಗೆ ಮಾಡಲೆಂದು ಒಂದು ನಿಮಿಷ ನಿಂತೆ. ಬಾ ಲಾನ್ ಕಿರುಚಿದ್ದನ್ನು ಯಾರೂ ಭಾಷಾಂತರ ಮಾಡಿ ಹೇಳಬೇಕಾಗಲಿಲ್ಲ. ಎದುರು ಮನೆಯವರು ಊರಲ್ಲಿರಲಿಲ್ಲ. ಅವರ ನೆಲವನ್ನೂ ಅಕ್ಕಪಕ್ಕದವರು ಗುಡಿಸಿದರು.

ನೀರು ಪಾದಕ್ಕೆ ಬಂತು, ಹೋಯಿತು. ಅದರ ಹಿಂದೆ ಕೆಂಪು ಹಂಚಿನ ನೆಲ ಹೊಳೆಯುತ್ತಿತ್ತು.

ಸ್ನೇಹಾ ತಲೆಯಿಂದ ಕಾಲಿನವರೆಗೆ ಕೆಸರಾಗಿ, ಹಿಡಿಸೂಡಿಗೆ ಗದ್ದ ಊರಿ ನಿಂತು ಕೇಳಿದಳು, “ಪಪ್ಪಾ, ಅಪನಾ ಕಿತ್ನಾ ದಿನ್ ಲಗಾ ಥಾ?”

ನಮ್ಮ ಹೋಟೆಲು ತೊಳೆಯಲು ಹಿಡಿದದ್ದು ಹನ್ನೊಂದು ದಿನ. ನೀರು ಪೂರ್ತಿ ಇಳಿಯಲೆಂದು ಕಾದು, ಸೂತಕ ಕಳೆದವರ ಹಾಗೆ ನಿಧಾನವಾಗಿ ಶಟರು ಎತ್ತಿದರೆ, ಕೆಸರು ಒಣಗಿ ಸಿಮೆಂಟಾಗಿರುತ್ತಿತ್ತು. ಅದನ್ನು ಉಳಿಯಿಂದ ಕೆತ್ತಿಸುತ್ತಿದ್ದೆ. ಇಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಮುಗಿದಿತ್ತು. ಅಂಥ ದೊಡ್ಡ ವಿದ್ಯೆಯೇನಲ್ಲ, ಒಂದು ಗಂಟೆ ಮೊದಲು ಇಳಿಯುವುದು, ಅಷ್ಟೇ. ಆದರೆ ಯಾರಾದರೂ ಇಳಿದು ತೋರಿಸಬೇಕು.

ಬಾ ಲಾನ್ ಕಂಬದ ಮೇಲೆ ಹೊಸ ಗೆರೆ ಕೊರೆದರು. ಹಿಂದಿನದಕ್ಕಿಂತ ಕೆಳಗಿತ್ತು. ಇದರರ್ಥ ಏನೂ ಅಲ್ಲ, ಮುಂದಿನದು ಮೇಲಿರಬಹುದು ಎಂದು ಅವರೇ ಹೇಳಿದರು. ಮಧ್ಯಾಹ್ನಕ್ಕೆ ಅಂಗಡಿ ತೆರೆಯಿತು. ಮೊದಲ ಬಟ್ಟಲು ಪಿತೃಗಳ ಪಟದ ಮುಂದೆ, ಎರಡನೆಯದು ಸ್ನೇಹಾಳಿಗೆ. ಹೊರಡುವ ದಿನ ನಾನು ಆ ಅಜ್ಜಿಯ ಕಾಲು ಮುಟ್ಟಿದೆ. ಅವರಲ್ಲಿ ಆ ಪದ್ಧತಿ ಇಲ್ಲದ್ದರಿಂದ, ಏನೋ ಬಿದ್ದಿದೆ, ಹುಡುಕುತ್ತಿದ್ದೇನೆ ಎಂದುಕೊಂಡು ಅವರೂ ನನ್ನ ಜತೆ ಬಗ್ಗಿ ನೆಲ ನೋಡಿದರು.

ಕಲ್ಯಾಣ

ಜಯಂತಿಭಾಯಿಗೆ ಉತ್ತರ ಹೇಳುವುದು ಸುಲಭವಿರಲಿಲ್ಲ. ಮಗಳನ್ನು ಉಳಿಸಿಕೊಟ್ಟವರು. ಅವರೇನಾದರೂ ಒತ್ತಾಯಿಸಿದ್ದರೆ ಇಲ್ಲವೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ನಾನು ತಡವರಿಸುತ್ತಿರುವಾಗ ಸ್ನೇಹಾಳೇ ಅವರ ಮುಂದೆ ಚಾ ಇಟ್ಟು ಇನ್ನೊಂದು ಮಳೆಗಾಲದ ಗಡುವು ಕೇಳಿದಳು, “ಅಂಕಲ್, ಏಕ್ ಬಾರಿಶ್ ಔರ್ ದೇಖನಾ ಹೈ ಮುಝೆ. ಉಸಕೇ ಬಾದ್ ಆಪ್ ಜೋ ಬೋಲೋ.” ಅವರು ಅವಳನ್ನೂ ನನ್ನನ್ನೂ ನೋಡಿ, “ಅಣ್ಣಾ, ಲಡಕೀ ಕೀ ಬಾತ್ ರಖೋ,” ಎಂದು ಚಾ ಮುಗಿಸಿ ಎದ್ದರು. ಆ ದೊಡ್ಡ ಮನಸ್ಸಿಗೆ ನಾನು ಎಷ್ಟು ಕೈಮುಗಿದರೂ ಕಡಿಮೆಯೇ.

ಶಟರಿನ ತಗಡನ್ನು ನಾನೇ ನಿಂತು ಕತ್ತರಿಸಿ ತೆಗೆಸಿದೆ. ಅಡುಗೆಯವರು ಮಲಗುವ ಮಾಳಿಗೆಯ ಹಲಗೆಯಲ್ಲಿ ಚೌಕದ ತೂತು ಕೊರೆಸಿ, ಏಣಿ ನಿಲ್ಲಿಸಿ, ಕಳಂಬೋಲಿಯಿಂದ ಕಬ್ಬಿಣದ ರಾಟೆ ತಂದು ಹಾಕಿದೆವು. ಭಾನುವಾರಗಳಲ್ಲಿ ಸ್ನೇಹಾ ನೆರೂಳಕ್ಕೆ ಹೋಗಿ, ಕಾಂಡ್ಲಾ ಗಿಡದ ನಡುವೆ ಸಿಕ್ಕಿದ ಪ್ಲಾಸ್ಟಿಕ್ ಹೆಕ್ಕುವ ಗುಂಪಿನ ಜತೆ ಕೆಸರಿನಲ್ಲಿ ಇಳಿಯುತ್ತಾಳೆ. “ಮೊದಲು ಮನೆ ಬಿಟ್ಟು ಹೊರಡ್ತಿರ್ಲಿಲ್ಲ, ಈಗ ಮನೆಗೆ ಬರುವುದಿಲ್ಲ. ಎಂತ ಮಾಡುದು ಇವಳನ್ನು?” ಎಂದು ವಸಂತಿ ಗೊಣಗುತ್ತಾಳೆ, ಸಂತೋಷದಿಂದ. ಜಗತ್ತು ಇದರಿಂದ ತಣ್ಣಗಾಗುವುದಿಲ್ಲವೆಂದು ನಮ್ಮೆಲ್ಲರಿಗೂ ಗೊತ್ತಿದೆ. ಸ್ನೇಹಾ ಈಗಲೂ ಆ ಸುದ್ದಿಗಳನ್ನು ಓದುತ್ತಾಳೆ. ಓದಿ, ಫೋನು ಕೆಳಗಿಟ್ಟು, ಕೆಲಸಕ್ಕೆ ಏಳುತ್ತಾಳೆ.

ಈ ಜುಲೈಯಲ್ಲಿ ನೀರು ಮತ್ತೆ ಬಂತು. ಹಿಂದಿನ ದಿನವೇ ಒಲೆ, ಅಕ್ಕಿ, ಗ್ರೈಂಡರಿನ ಮೋಟರು ಮೇಲೆ ಹೋಗಿದ್ದವು. ಮುಂದಿನ ಶಟರು, ಹಿಂದಿನ ಬಾಗಿಲು ಎರಡೂ ತೆರೆದಿದ್ದೆವು. ಗಲ್ಲಿಯವರು ಶೆಟ್ಟಿಗೆ ತಲೆ ಕೆಟ್ಟಿದೆ ಎಂದರು. ನಾವು ಮಾಳಿಗೆಯಲ್ಲಿ ಕುಳಿತೆವು. ವಸಂತಿ ಉಪ್ಪಿಟ್ಟು ಮಾಡಿದಳು. ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ನಾನು ಮಗಳನ್ನೇ ನೋಡುತ್ತಿದ್ದೆ. ಅವಳು ಏಣಿಯ ತುದಿಯಲ್ಲಿ ಕುಳಿತು ಮೆಟ್ಟಿಲು ಎಣಿಸುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಇದ್ದಕ್ಕಿದ್ದಂತೆ ಏಣಿ ಇಳಿದಳು. ನಾನು ಗಾಬರಿಯಿಂದ ತೂತಿನಲ್ಲಿ ಬಗ್ಗಿದೆ. ಇಳಿಯುತ್ತಿದ್ದ ಮೊಣಕಾಲುದ್ದದ ನೀರಿನಲ್ಲಿ ನಿಂತು ಅವಳು ಪಾತ್ರೆಯ ಮುಚ್ಚಳ ಬಡಿಯುತ್ತಿದ್ದಳು. ಜಯಂತಿಭಾಯಿ ತಮ್ಮ ಅಂಗಡಿಯ ಮೆಟ್ಟಿಲ ಮೇಲಿಂದ “ಬೇಟಾ, ಪಾನೀ ತೋ ಜಾನೇ ದೋ,” ಎಂದು ನೀರು ಹೋಗುವ ತನಕ ಕಾಯಲು ಹೇಳುತ್ತಿದ್ದರು. ಅವಳು ಒಂದು ಹಿಡಿಸೂಡಿಯನ್ನು ಅವರ ಕೈಗೆ ತುರುಕಿ, ಮೇಲೆ ನೋಡಿ ನನ್ನನ್ನು ಕರೆದಳು.

“ಜಲ್ದಿ ಬನ್ನಿ ಪಪ್ಪಾ, ನೀರು ಇನ್ನೂ ಉಂಟು.”